ಬೆಟ್ಟದ ಮಣ್ಣಿಗೆ ಆರ್ಸೆನಿಕ್ ಎಲ್ಲಿಂದ ಬಂತು?

ನಮಸ್ಕಾರ. ಜಪಾನಿನ ಹೊಕ್ಕೈಡೊ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿಗಾಗಿ ಸಪ್ಪೊರೊ ನಗರದ ಕಡೆ ಕೊರೆಯುತ್ತಿರುವ ಸುರಂಗಗಳ ಬಗ್ಗೆ ಕೇಳಿದ್ದೀರಿ. ಕಾರ್ಖಾನೆಯೇ ಇಲ್ಲದ ಬೆಟ್ಟದಲ್ಲಿ ವಿಷಕಾರಿ ಆರ್ಸೆನಿಕ್ ಹೇಗೆ, ಅಗೆದು ತೆಗೆದ ಮಣ್ಣಿಗೆ ಸಿಮೆಂಟ್ ಬೆರೆಸಿದರೆ ಸಾಕಲ್ವಾ ಅಂತ.

ಅದು ಬಂಡೆಯಲ್ಲೇ ಇರುವಂಥದ್ದು. ಅಲ್ಲಿ ಜ್ವಾಲಾಮುಖಿ ಬಂಡೆಗಳು ಜಾಸ್ತಿ. ಹಿಂದೆಂದೋ ಬಿಸಿನೀರು ಹರಿದ ಕಡೆ ಪೈರೈಟ್ ಎಂಬ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಇರುತ್ತದೆ, ಅದರೊಳಗೆ ಆರ್ಸೆನಿಕ್ ಸೇರಿರುತ್ತದೆ. ಗಾಳಿ ತಾಗದ ಆಳದಲ್ಲಿ ಅದು ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಕೊರೆದು ಪುಡಿಯಾದ ಬಂಡೆಯನ್ನು ಹೊರಗೆ ರಾಶಿ ಹಾಕಿದಾಗ ಗಾಳಿ, ಮಳೆ ತಾಗಿ ಪೈರೈಟ್ ಒಡೆಯುತ್ತದೆ. ಆಮ್ಲ ಹುಟ್ಟುತ್ತದೆ, ಆರ್ಸೆನಿಕ್ ನೀರಿಗಿಳಿಯುತ್ತದೆ. ಹಾಗಾಗಿ ಮಣ್ಣಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ನೀರಿಗೆ ಎಷ್ಟು ಬಿಡುತ್ತದೆ ಅನ್ನುವುದನ್ನೇ ಮೊದಲು ನೋಡಬೇಕು. ಜಪಾನಿನಲ್ಲಿ ಇದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಸಿಮೆಂಟನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಆಮ್ಲವನ್ನು ತಡೆಯುತ್ತದೆ, ನಿಜ. ಆದರೆ ಕ್ಷಾರ ಜಾಸ್ತಿಯಾದರೆ ಪೈರೈಟ್ ಒಡೆದಾಗ ಉಂಟಾದ ಕಬ್ಬಿಣದ ತುಕ್ಕಿಗೆ ಅಂಟಿಕೊಂಡ ಆರ್ಸೆನಿಕ್ ಮತ್ತೆ ಬಿಟ್ಟುಕೊಳ್ಳಬಹುದು. ಅದೇ ಮಣ್ಣಿನಲ್ಲಿ ಪರೀಕ್ಷೆ ಮಾಡದೆ ಬೆರೆಸುವುದು ಅಪಾಯ.

ಒಳ್ಳೆಯ ದಾರಿ ಎಂದರೆ ಮುಂದಕ್ಕೆ ರಂಧ್ರ ಕೊರೆದು ಬಂಡೆಯನ್ನು ಮೊದಲೇ ಪರೀಕ್ಷಿಸುವುದು, ಕೆಟ್ಟ ಮಣ್ಣನ್ನು ಬೇರೆ ರಾಶಿ ಮಾಡಿ ಮಳೆ ತಾಗದಂತೆ ಮುಚ್ಚುವುದು. ಕೊನೆಗೆ ಹಾಕುವ ಜಾಗದಲ್ಲಿ ನೀರು ಸೋರದ ಹಾಳೆ, ಇಲ್ಲವೇ ಆರ್ಸೆನಿಕ್ ಹಿಡಿದಿಡುವ ಪದರ ಬೇಕು. ಸುತ್ತಲಿನ ಅಂತರ್ಜಲವನ್ನು ವರ್ಷಗಟ್ಟಲೆ ನೋಡುತ್ತಿರಬೇಕು. ಸಪ್ಪೊರೊದಲ್ಲಿ ಮಣ್ಣು ಹಾಕುವ ಜಾಗದ ಅಕ್ಕಪಕ್ಕದವರು ವಿರೋಧಿಸಿದ್ದು ನನಗೆ ಸರಿಯಾಗಿಯೇ ಕಾಣುತ್ತದೆ. ಅಳೆದ ಅಂಕಿಗಳನ್ನು ಅವರ ಮುಂದಿಡುವುದು ಮಣ್ಣಿನ ಲಾರಿ ಹೊರಡುವ ಮುಂಚೆಯೇ ಆಗಬೇಕು.