ಚರಂಡಿ ವಿಷಯ ಅಜೆಂಡಾಕ್ಕೆ ಸೇರಬೇಕಾದರೆ

ಮಡಿಕೇರಿಯಲ್ಲಿ ನಿಮ್ಮ ಮನೆ ಮುಂದಿನ ಚರಂಡಿ ವಿಷಯ ನಗರಸಭೆ ಮೀಟಿಂಗಿಗೆ ತರೋದು ಹೇಗೆ ಅಂತ ಕೇಳಿದ್ದೀರಿ ಅಲ್ವಾ. ಸದಸ್ಯರಿಗೆ ಫೋನಿನಲ್ಲಿ ಹೇಳಿದ್ದೇನೆ ಅಂತ ಸುಮ್ನೆ ಕೂರಬೇಡಿ. ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರ ಹೆಸರಿಗೆ ಒಂದು ಪುಟದ ಅರ್ಜಿ ಬರೆದು, ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಹಾಕಿಸಿ, ಟಪಾಲು ಟೇಬಲ್ಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಾನೊಮ್ಮೆ ಸೀಲು ಇಲ್ಲದೆ ಕೊಟ್ಟು ಬಂದೆ. ಎರಡು ತಿಂಗಳ ನಂತರ ಹೋದರೆ "ಯಾವ ಅರ್ಜಿ?" ಅಂದರು, ಅಷ್ಟರಲ್ಲಿ ಬರೆಯಿಂದ (ಗುಡ್ಡದ ಕಡಿದಾದ ಮಣ್ಣಿನ ಅಂಚಿನಿಂದ) ಜಾರಿದ ಕೆಂಪು ಮಣ್ಣು ನಮ್ಮ ಜಗಲಿ ತನಕ ಬಂದಿತ್ತು.

1964ರ ಪೌರಸಭೆಗಳ ಕಾಯ್ದೆ ಪ್ರಕಾರ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಆಗಬೇಕು, ಸದಸ್ಯರಿಗೆ 7 ದಿನ ಮೊದಲೇ ನೋಟಿಸ್ ಹೋಗಬೇಕು. ಅದಕ್ಕಿಂತ ಮುಂಚೆಯೇ ಅರ್ಜಿಯ ಪ್ರತಿ ನಿಮ್ಮ ವಾರ್ಡಿನ ಸದಸ್ಯರ ಕೈಯಲ್ಲಿರಲಿ. ಮಾತಾಡಬೇಕಾದವರು ಅವರೇ, ನೀವಲ್ಲ. ಚುನಾಯಿತ ಮಂಡಳಿ ಇಲ್ಲದ ಸಮಯವಾದರೆ ಆಡಳಿತಾಧಿಕಾರಿಗೇ ಕೊಡಿ.

ಅರ್ಜಿಯಲ್ಲಿ ಚರಂಡಿ ಎಲ್ಲಿ ಕಟ್ಟಿಕೊಂಡಿದೆ, ಎಷ್ಟು ಅಡಿ ಉದ್ದ, ಎರಡು ಫೋಟೋ, ಇಷ್ಟು ಸಾಕು. ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ. ಮಾರ್ಚ್ ಒಳಗೇ ಕೊಡಿ ಮಾರಾಯ್ರೇ, ಜೂನ್ ಮಳೆ ಹಿಡಿದ ಮೇಲೆ ಇಲ್ಲಿ ಯಾರು ಕಾಂಕ್ರೀಟ್ ಹಾಕುತ್ತಾರೆ?