ಪ್ರಸಂಗದ ವಿಡಿಯೋ ನೋಡುತ್ತಾ ಕೂತರೆ ಅಂಗಡಿ ಬಾಗಿಲು ಯಾರು ತೆಗೆಯಬೇಕು?

ಈ ಸಲ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ನಾಲ್ಕೂ ಮೈಸೂರು, ಮಂಡ್ಯ ಕಡೆಯವು. ಫೋನು, ಸಿನಿಮಾ, ದುಡಿಮೆ, ಇವುಗಳ ಮಧ್ಯೆ ನಮ್ಮ ಕ್ರೈಸ್ತ ವಿಶ್ವಾಸಕ್ಕೆ ಜಾಗ ಎಲ್ಲಿ ಅನ್ನುವ ಚಿಂತೆ ನಾಲ್ಕರಲ್ಲೂ ಇದೆ.

ಪ್ರಶ್ನೆ: ಬನ್ನಿಮಂಟಪದ ಹತ್ತಿರ ನಮ್ಮದೊಂದು ಚಿಕ್ಕ ದಿನಸಿ ಅಂಗಡಿ. ಯಜಮಾನರಿಗೆ ಮಂಡಿನೋವು, ಹಾಗಾಗಿ ಒಂದು ವರ್ಷದಿಂದ ಮಗನೇ ನೋಡಿಕೊಳ್ಳುತ್ತಾನೆ. ಅವನಿಗೆ 24 ವರ್ಷ. ಮೊದಲು ಚರ್ಚಿಗೆ ಕರೆದರೂ ಬರುತ್ತಿರಲಿಲ್ಲ. ಒಂದು ಧ್ಯಾನಕೂಟಕ್ಕೆ ಹೋಗಿ ಬಂದ ಮೇಲೆ ಕುಡಿತ ಬಿಟ್ಟ, ಜಪಸರ ಹಿಡಿದ. ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಈಗ ಎದ್ದ ಕೂಡಲೇ ಫೋನು. ಪ್ರಸಂಗ, ಸಾಕ್ಷಿ, ಹಾಡು, ಒಂದಾದ ಮೇಲೊಂದು. ಆರಕ್ಕೆ ತೆಗೆಯಬೇಕಾದ ಅಂಗಡಿ ಒಂಬತ್ತಾದರೂ ತೆಗೆಯಲ್ಲ. ಹಾಲಿಗೆ ಬರುವವರೆಲ್ಲ ಎದುರಿನ ಅಂಗಡಿಗೆ ಹೋಗುತ್ತಿದ್ದಾರೆ. ಕೇಳಿದರೆ "ದೇವರ ವಾಕ್ಯ ಕೇಳ್ತಿದ್ದೀನಮ್ಮ, ಅಡ್ಡ ಬರಬೇಡ" ಅಂತಾನೆ. ನಾನು ಬೈದರೆ ಪಾಪವಾ?

ಉತ್ತರ: ಇಲ್ಲ ತಾಯಿ, ಪಾಪ ಅಲ್ಲ. ನೀವು ಬೈಯಬಹುದು. ಆದರೆ ಬೈಯುವುದಕ್ಕೆ ಮೊದಲು ಒಂದು ಮಾತು. ಕುಡಿತ ಬಿಟ್ಟ ಹುಡುಗನಿಗೆ ಏನಾದರೂ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನಿಸುತ್ತದೆ. ಅವನು ಹಿಡಿದುಕೊಂಡಿರುವುದು ಒಳ್ಳೆಯದನ್ನೇ. ಅದನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಹಾಗೆ ಮಾತಾಡಬೇಡಿ.

ತೊಂದರೆ ಇರುವುದು ಬೇರೆ ಕಡೆ. ಚರ್ಚಿನಲ್ಲಿ ಫಾದರ್ ಪ್ರಸಂಗ ಹೇಳುತ್ತಾರೆ, ಹತ್ತು ಹದಿನೈದು ನಿಮಿಷಕ್ಕೆ ಮುಗಿಸುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತೇವೆ. ಪೂಜೆ ಮುಗಿದ ಮೇಲೆ ಸಮಾಧಾನದಿಂದ ಹೋಗಿ ಬನ್ನಿ ಅಂತ ಕಳಿಸಿಕೊಡುತ್ತಾರೆ. ಫೋನಿನಲ್ಲಿ ಹಾಗೆ ಕಳಿಸಿಕೊಡುವವರು ಯಾರೂ ಇಲ್ಲ, ಒಂದು ವಿಡಿಯೋ ಮುಗಿಯುವ ಹೊತ್ತಿಗೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ, ಅದು ಪ್ರಸಂಗವೇ ಆಗಿರಲಿ ಕ್ರಿಕೆಟ್ಟೇ ಆಗಿರಲಿ, ನೋಡುವವನು ಏಳಬಾರದು ಅಂತಲೇ ಅದನ್ನು ಮಾಡಿಟ್ಟಿದ್ದಾರೆ. ನಿಮ್ಮ ಮಗ ದೇವರ ವಾಕ್ಯ ಕೇಳುತ್ತಿರುವುದು ನಿಜ. ಆದರೆ ಎರಡನೇ ವಿಡಿಯೋದಿಂದ ಆಚೆಗೆ ಅವನು ಕೇಳುತ್ತಿರುವುದು ಫೋನಿನ ಮಾತನ್ನೂ ಹೌದು. ಇವತ್ತೇ ಅವನ ಜೊತೆ ಕೂತು ಆ ಆಟೋಪ್ಲೇ ಆಫ್ ಮಾಡಿಸಿ. ಚಿಕ್ಕ ಕೆಲಸ ಅನಿಸಬಹುದು, ಆದರೆ ಅಲ್ಲಿಂದಲೇ ಶುರು ಮಾಡಬೇಕು.

ಇನ್ನು ವಾಕ್ಯದ ಮಾತು. ಸಂತ ಪೌಲರಿಗಿಂತ ದೊಡ್ಡ ಪ್ರಸಂಗಿ ಬೇಕಾ? ಅವರು ಕೊರಿಂಥದಲ್ಲಿದ್ದಾಗ ಗುಡಾರ ಹೊಲಿದು ಹೊಟ್ಟೆ ಹೊರೆದರು. ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದ ಮೂರನೇ ಅಧ್ಯಾಯವನ್ನು ಮಗನ ಕೈಯಲ್ಲೇ ಓದಿಸಿ. ಅಲ್ಲಿಯ ಕೆಲವರು ಕೆಲಸ ಕಾರ್ಯ ಬಿಟ್ಟು ಸುಮ್ನೆ ತಿರುಗುತ್ತಿದ್ದರು. ದುಡಿಯಲು ಮನಸ್ಸಿಲ್ಲದವನು ಉಣ್ಣುವುದೂ ಬೇಡ ಅಂತ ಪೌಲರು ಅವರಿಗೆ ನೇರವಾಗಿ ಹೇಳಿದ್ದಾರೆ. ಕೆಲಸ ಸಿಗದವರಿಗೆ ಹೇಳಿದ ಮಾತಲ್ಲ ಅದು, ಕೆಲಸ ಇದ್ದೂ ಮಾಡದವರಿಗೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ನಿಯಮ ಬರೆದಾಗ, ಪ್ರಾರ್ಥನೆಗೆ ಇಷ್ಟು ಹೊತ್ತು, ಕೈಕೆಲಸಕ್ಕೆ ಇಷ್ಟು ಹೊತ್ತು ಅಂತ ದಿನವನ್ನೇ ಹಂಚಿಕೊಟ್ಟರು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಒಂದಿದೆ. ಮಠದ ಉಗ್ರಾಣ ನೋಡಿಕೊಳ್ಳುವವನು ಅಲ್ಲಿಯ ಪಾತ್ರೆ ಪಗಡೆ, ಸಲಕರಣೆಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳ ಹಾಗೆ ಕಾಣಬೇಕಂತೆ. ನಿಮ್ಮ ಅಂಗಡಿಯೂ ಒಂದು ಉಗ್ರಾಣವೇ ಅಲ್ವಾ? ಆ ತಕ್ಕಡಿ, ಆ ಎಣ್ಣೆ ಅಳತೆ, ಸಾಲದ ಪುಸ್ತಕ, ಬೆಳಿಗ್ಗೆ ಬಾಗಿಲ ಮುಂದೆ ಇಳಿಸಿ ಹೋದ ಹಾಲಿನ ಕ್ರೇಟು, ಎಲ್ಲ ಅದೇ ಲೆಕ್ಕ. ತೂಕದಲ್ಲಿ ಮೋಸ ಮಾಡುವ ತಕ್ಕಡಿ ದೇವರಿಗೆ ಅಸಹ್ಯ ಅಂತ ಬೈಬಲಿನ ಜ್ಞಾನೋಕ್ತಿಗಳಲ್ಲೂ ಇದೆ.

ಅವನಿಗೆ ಹೀಗೆ ಹೇಳಿ ನೋಡಿ. ಅಂಗಡಿ ಬೀಗದ ಕೈ ರಾತ್ರಿ ಅವನ ಜಪಸರದ ಪಕ್ಕದಲ್ಲೇ ಇರಲಿ. ಬೆಳಿಗ್ಗೆ ಐದೂವರೆಗೆ ಎದ್ದು ಹತ್ತು ನಿಮಿಷ ಬೈಬಲ್ ಓದಲಿ, ಫೋನಿನಲ್ಲಿ ಬೇಡ, ಪುಸ್ತಕದಲ್ಲಿ. ಆರಕ್ಕೆ ಬಾಗಿಲು ತೆಗೆಯಲಿ. ಪ್ರಸಂಗ ದಿನಕ್ಕೆ ಒಂದೇ, ಮಧ್ಯಾಹ್ನ ವ್ಯಾಪಾರ ಕಮ್ಮಿ ಇರುವಾಗ. ಹಾಲು ಸಿಗದೆ ಬರಿಗೈಯಲ್ಲಿ ವಾಪಸ್ ಹೋದ ಮನೆಗಳಲ್ಲಿ ಮಕ್ಕಳಿರುತ್ತಾರೆ, ಅವರ ಬೆಳಗ್ಗೆಯ ಜವಾಬ್ದಾರಿ ಅವನ ಮೇಲಿದೆ. ಇದನ್ನು ನೀವು ಕೋಪ ಇಲ್ಲದಾಗ ಹೇಳಿದರೆ ಅವನಿಗೆ ನಾಟುತ್ತದೆ ಅಂತ ನನ್ನ ನಂಬಿಕೆ. ಕುಡಿತವನ್ನೇ ಬಿಟ್ಟವನು ಇದನ್ನು ಮಾಡಲಾರನೇ?

ಪ್ರಶ್ನೆ: ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಸಿನಿಮಾ ನೋಡಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಯೇಸುಸ್ವಾಮಿಯ ಸಿನಿಮಾ ನೋಡಬಹುದಾ? (ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ನೋಡಮ್ಮ, ಧಾರಾಳವಾಗಿ. ಆದರೆ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ಮೂಲೆಯಲ್ಲಿ ಕೂತು ನೋಡಬೇಡ. 1978ರಲ್ಲಿ ಬಂದ ತೆಲುಗಿನ 'ಕರುಣಾಮಯುಡು' ಚಿತ್ರವನ್ನು ಬೇರೆ ಬೇರೆ ಭಾಷೆಗೆ ಡಬ್ ಮಾಡಿ, ಪ್ರೊಜೆಕ್ಟರ್ ಹೊತ್ತುಕೊಂಡು ಹಳ್ಳಿ ಹಳ್ಳಿಗೆ ಹೋಗಿ ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ಜನ ಒಟ್ಟಿಗೆ ಕೂತು ನೋಡಿದರು, ಒಟ್ಟಿಗೆ ಅತ್ತರು. ನೀನೂ ಶುಭ ಶುಕ್ರವಾರದ ಸಂಜೆ ಅಜ್ಜಿಯನ್ನು, ತಮ್ಮನನ್ನು ಕೂರಿಸಿಕೊಂಡು ನೋಡು. ಉಳಿದ ದಿನ ಸಿನಿಮಾದಿಂದ ಉಳಿದ ಎರಡು ಗಂಟೆ ಎಲ್ಲಿ ಹೋಯಿತು ಅಂತ ಗಮನಿಸು. ಅದು ರೀಲ್ಸ್‌ಗೆ ಹೋಗಿದ್ದರೆ ಉಪವಾಸ ಆದಂತಾಗಲಿಲ್ಲ.

ಪ್ರಶ್ನೆ: ಪಾಂಡವಪುರದ ಕಡೆ ನನ್ನದೊಂದು ಆಲೆಮನೆ. ಸೀಸನ್ ಇದ್ದಾಗ ಭಾನುವಾರವೂ ಕೆಲಸ. ಮೊನ್ನೆ ಮಗಳು ಒಂದು ಇಂಗ್ಲಿಷ್ ಸಿನಿಮಾ ತೋರಿಸಿದಳು. ಭಾನುವಾರ ಓಡಲ್ಲ ಅಂತ ಒಲಿಂಪಿಕ್ಸ್ ಓಟವನ್ನೇ ಬಿಟ್ಟವನ ಕಥೆ. ನೋಡಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಆಲೆಮನೆ ನಿಲ್ಲಿಸಬೇಕಾ?

ಉತ್ತರ: ಅಣ್ಣಾ, ನೀವು ನೋಡಿದ್ದು 1981ರ 'ಚಾರಿಯಟ್ಸ್ ಆಫ್ ಫೈರ್'. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂದ ಸಿನಿಮಾ ಅದು. ಓಟಗಾರ ಎರಿಕ್ ಲಿಡ್ಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತು ಅಂತ ಅವರು ಆ ಓಟವನ್ನೇ ಬಿಟ್ಟರು, 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಇದಿಷ್ಟೂ ನಿಜ. ಆದರೆ ಸಿನಿಮಾದಲ್ಲಿ ಹಡಗು ಹತ್ತುವಾಗ ಅವರಿಗೆ ವಿಷಯ ಗೊತ್ತಾಗುತ್ತದಲ್ಲ, ಅದು ಕಥೆಗೋಸ್ಕರ ಸೇರಿಸಿದ್ದು. ನಿಜವಾಗಿ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. ಆ ತಿಂಗಳುಗಳನ್ನೆಲ್ಲ ಅವರು 400 ಮೀಟರ್ ಅಭ್ಯಾಸಕ್ಕೆ ಸುರಿದರು. ಸಿನಿಮಾದಲ್ಲಿ ಅದು ಪವಾಡದ ಹಾಗೆ ಕಾಣುತ್ತದೆ, ಅದರ ಹಿಂದೆ ಇದ್ದದ್ದು ಬೆವರು. ನನಗೆ ಈ ನಿಜವೇ ಸಿನಿಮಾಗಿಂತ ಜಾಸ್ತಿ ಹಿಡಿಸಿತು.

ಇನ್ನೊಂದು ಸಂಗತಿಯನ್ನು ಆ ಸಿನಿಮಾ ವಿವರವಾಗಿ ತೋರಿಸುವುದಿಲ್ಲ. ಲಿಡ್ಡೆಲ್ ಆಮೇಲೆ ಚೀನಾಕ್ಕೆ ಹೋಗಿ ಮೇಷ್ಟರಾದರು, ಯುದ್ಧದ ಕಾಲದಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ಸಿಕ್ಕಿಬಿದ್ದರು, 1945ರಲ್ಲಿ ಅಲ್ಲೇ ತೀರಿಕೊಂಡರು. ಶಿಬಿರದ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಆಟ ಆಡಿಸುತ್ತಿದ್ದರು. ಭಾನುವಾರ ಮಾತ್ರ ಇಲ್ಲ. ಆದರೆ ಮಕ್ಕಳು ಭಾನುವಾರ ತಾವೇ ಹಾಕಿ ಪಂದ್ಯ ಆಡಲು ಹೋಗಿ ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರ ಅವರೇ ರೆಫರಿಯಾಗಿ ಮೈದಾನಕ್ಕೆ ಇಳಿದರು. ಒಲಿಂಪಿಕ್ಸ್‌ಗೆ ಬಗ್ಗದ ಮನುಷ್ಯ ಮಕ್ಕಳಿಗೋಸ್ಕರ ಬಗ್ಗಿದರು.

ಈಗ ನಿಮ್ಮ ಆಲೆಮನೆ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ನಾಳೆಗೆ ಅಂತ ಇಡೋಕೆ ಆಗಲ್ಲ, ಹುಳಿಯುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕವನ್ನು ಬಿಟ್ಟು ಪೂಜೆಗೆ ಹೊರಡಿ ಅಂತ ನಾನು ಹೇಳಲಾರೆ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನ, ವಿಶ್ರಾಂತಿಯ ದಿನ ಅಂತ ಎತ್ತದೆ ಬಿಡುತ್ತೀರಾ ಅಂತ ಯೇಸುಸ್ವಾಮಿಯೇ ಕೇಳಿದರಲ್ಲ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ, ನಿಮಗೆ ಹತ್ತಿರದ ಚರ್ಚಿನಲ್ಲಿ ಇದೆಯಾ ಅಂತ ಫಾದರ್ ಅವರನ್ನು ಕೇಳಿ.

ಆದರೆ ನಿಮ್ಮ ನಿದ್ದೆ ಕೆಡಿಸಬೇಕಾದ ಪ್ರಶ್ನೆ ಬೇರೆ ಇದೆ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ವಿಶ್ರಾಂತಿಯ ಆಜ್ಞೆ ಇದೆಯಲ್ಲ, ಅದರಲ್ಲಿ ಯಜಮಾನನ ಹೆಸರಿನ ಜೊತೆಗೆ ಆಳುಕಾಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ, ಎಲ್ಲರೂ ಬರುತ್ತಾರೆ. ನಿನ್ನ ಹಾಗೆ ಅವರಿಗೂ ವಿಶ್ರಾಂತಿ ಸಿಗಲಿ ಅಂತ. ನಿಮ್ಮ ಒಲೆ ಮುಂದೆ ಸಿಪ್ಪೆ ತಳ್ಳುತ್ತಾ ಕೂತಿರುವ ಆಳಿಗೆ ವಾರದಲ್ಲಿ ಒಂದು ದಿನ ರಜೆ ಇದೆಯಾ? ಅವರು ಯಾವ ಧರ್ಮದವರೇ ಆಗಲಿ. ಆ ಬೆಂಕಿಯ ಎದುರು ಅರ್ಧ ಗಂಟೆ ನೀವೇ ಕೂತು ನೋಡಿ, ಕಣ್ಣುರಿ ಗೊತ್ತಾಗುತ್ತದೆ. ಪಾಳಿ ಹಾಕಿ, ಒಬ್ಬೊಬ್ಬರಿಗೂ ಒಂದು ದಿನ ಬಿಡಿ, ಆ ದಿನದ ಕೂಲಿ ಹಿಡಿಯಬೇಡಿ. ಅಷ್ಟು ಮಾಡಿದ ಮೇಲೆ ನಿದ್ದೆ ಬರುತ್ತಾ ಅಂತ ನನಗೆ ಬರೆಯಿರಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು, ಮೈಸೂರಿನವರು. ಮೇ 1ರ ಹಬ್ಬಕ್ಕೆ ಚರ್ಚಿನ ಯುವಕ ಸಂಘದಿಂದ ಹತ್ತು ನಿಮಿಷದ ಕಿರುಚಿತ್ರ ಮಾಡಬೇಕು. ಫಿಲೋಮಿನಾ ಚರ್ಚಿನ ಡ್ರೋನ್ ಶಾಟ್, ಹಿನ್ನೆಲೆಯಲ್ಲಿ ವಾಕ್ಯ, ಹಾಡು ಅಂದುಕೊಂಡಿದ್ದೇವೆ. ಯೇಸುವಿನ ಹೆಸರೇ ಬರದಿದ್ದರೆ ಅದು ಕ್ರೈಸ್ತ ಸಿನಿಮಾ ಆಗುತ್ತದಾ ಅಂತ ನಮ್ಮೊಳಗೆ ಜಗಳ.

ಉತ್ತರ: ಆಗುತ್ತದೆ ಮಕ್ಕಳಾ. 1995ರಲ್ಲಿ, ಸಿನಿಮಾ ಹುಟ್ಟಿ ನೂರು ವರ್ಷ ಆದಾಗ, ವ್ಯಾಟಿಕನ್ 45 ಒಳ್ಳೆಯ ಚಿತ್ರಗಳ ಪಟ್ಟಿ ಮಾಡಿತು. ಧರ್ಮಕ್ಕೆ 15, ಮೌಲ್ಯಗಳಿಗೆ 15, ಕಲೆಗೆ 15. ಮೌಲ್ಯಗಳ ಪಟ್ಟಿಯಲ್ಲಿ 1948ರ ಇಟಲಿಯ 'ಬೈಸಿಕಲ್ ಥೀವ್ಸ್' ಇದೆ. ನಾಯಕನಿಗೆ ಸಿಗುವುದು ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ, ಅದಕ್ಕೆ ಸೈಕಲ್ ಬೇಕು. ಅಡವಿಟ್ಟಿದ್ದ ಸೈಕಲ್ ಬಿಡಿಸಿಕೊಳ್ಳಲು ಅವನ ಹೆಂಡತಿ ಮನೆಯ ಹಾಸಿಗೆ ಬಟ್ಟೆಗಳನ್ನೇ ಅಡವಿಡುತ್ತಾಳೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಅದರಲ್ಲಿ ಪ್ರಸಂಗ ಇಲ್ಲ. ಒಬ್ಬ ಬಡವನಿಗೆ ದುಡಿಮೆ ಅಂದರೆ ಏನು ಅಂತ ನೋಡಿದ ಮೇಲೆ ಮರೆಯೋಕೆ ಆಗಲ್ಲ.

ಮೇ 1 ಯೇಸುವಿನ ಸಾಕುತಂದೆ, ಕಾರ್ಮಿಕ ಸಂತ ಜೋಸೆಫರ ಹಬ್ಬ, 1955ರಲ್ಲಿ ಪೋಪ್ 12ನೇ ಪಿಯುಸ್ ಶುರು ಮಾಡಿದ್ದು. ಜೋಸೆಫರು ಆಡಿದ ಒಂದೇ ಒಂದು ಮಾತೂ ಬೈಬಲಿನ ಶುಭಸಂದೇಶದಲ್ಲಿ ಇಲ್ಲ, ಗೊತ್ತಾ? ಅವರ ಕೆಲಸದ ಬಗ್ಗೆ ಬಡಗಿ ಅಂತ ಮಾತ್ರ ಗೊತ್ತು. ಅಂಥವರ ಹಬ್ಬಕ್ಕೆ ವಾಕ್ಯ ಓದಿಸುವುದು ಬಿಡಿ, ಕೈಗಳನ್ನು ತೋರಿಸಿ. ಫಿಲೋಮಿನಾ ಚರ್ಚಿನ ಗೋಪುರ ಎಲ್ಲರೂ ತೆಗೆದಿದ್ದಾರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಆ ಚರ್ಚನ್ನು ಈಗ ಬೆಳಗಿನ ಜಾವ ಗುಡಿಸುವವರು ಯಾರು, ಬೆಂಚು ಒರೆಸುವವರು ಯಾರು? ಅವರ ಜೊತೆ ಒಂದು ವಾರ ಇರಿ. ಕ್ಯಾಮೆರಾ ಮೂರನೇ ದಿನ ತೆಗೆಯಿರಿ, ಮೊದಲೆರಡು ದಿನ ನೀವೂ ಪೊರಕೆ ಹಿಡಿಯಿರಿ.

ನಾನು ಸಿನಿಮಾ ಮಾಡುವುದಾದರೆ ನಮ್ಮಪ್ಪನನ್ನು ಮಾಡುತ್ತಿದ್ದೆ. ಅವರು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರಗಳನ್ನು ಜೋಡಿಸುತ್ತಿದ್ದರು. ಅಚ್ಚಾದ ಮೇಲೆ ಆ ಮೊಳೆಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಬೇಸರದ ಕೆಲಸ. ಅದನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಲಕಾರದ ಖಾನೆಗೆ ಳಕಾರ ಬಿದ್ದರೆ ನಾಳೆ ಬೆಳಿಗ್ಗೆ ಬೇರೆ ಯಾರೋ ಜೋಡಿಸುವಾಗ ತಪ್ಪಾಗುತ್ತದೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಅಪ್ಪ ದೀಪದ ಹತ್ತಿರ ಮೊಳೆ ಹಿಡಿದು, ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, ಟಕ್ ಅಂತ ಹಾಕುತ್ತಿದ್ದರು. ಒತ್ತಕ್ಷರಗಳು ತೀರಾ ಸಣ್ಣವು, ಅವಕ್ಕೆ ಕನ್ನಡಕ ಮೇಲೆ ಮಾಡಿಕೊಂಡು ಕಣ್ಣ ಹತ್ತಿರ ತರುತ್ತಿದ್ದರು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾರೆ ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ಕೇಳಿದಾಗ, ನಮೋ ಮರಿಯಾ ಹೇಳುತ್ತಿದ್ದೆ ಅಂದರು.

ನಿಮ್ಮ ಚಿತ್ರಕ್ಕೆ ಹಿನ್ನೆಲೆ ಸಂಗೀತ ಹಾಕಲೇಬೇಕು ಅಂತಿಲ್ಲ. ಪೊರಕೆಯ ಸದ್ದು ಸಾಕು. ಹತ್ತು ನಿಮಿಷ ಉದ್ದ ಆಯಿತು ಅನಿಸಿದರೆ ಏಳಕ್ಕೆ ಇಳಿಸಿ. ತೋರಿಸುವ ದಿನ ಆ ಗುಡಿಸುವವರನ್ನು ಮನೆಯವರ ಸಮೇತ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ, ಆಮೇಲೆ ನನಗೂ ಒಂದು ಪ್ರತಿ ಕಳಿಸಿ.