ಕಂಬ ತಾಗಿಸದೆ ರಿವರ್ಸ್ ತೆಗೆದರೆ ಸಾಕೇ?

ಓದುಗರ ಪತ್ರ: ನನ್ನ ಮಗ ಮೊದಲ ಸಲಕ್ಕೇ ಚಾಲನಾ ಪರೀಕ್ಷೆ ಪಾಸಾದ. ಒಂದು ಕಂಬವನ್ನೂ ತಾಗಿಸದೆ ರಿವರ್ಸ್ ತೆಗೆದನೆಂದು ತರಬೇತುದಾರರು ಹೊಗಳಿದರು. ಮರುವಾರ ಅವನ ಪಕ್ಕ ಕುಳಿತು ಹೊರಟೆ. ನಿಂತಿದ್ದ ಬಸ್ಸನ್ನು ವೇಗ ತಗ್ಗಿಸದೆ ದಾಟಲು ಹೋದ. ಬಸ್ಸಿನ ಮುಂಭಾಗದಿಂದ ಹುಡುಗಿಯೊಬ್ಬಳು ರಸ್ತೆಗೆ ಬಂದಳು. ನಾನು ಕೂಗಿದ್ದರಿಂದ ಬ್ರೇಕ್ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಪರೀಕ್ಷೆಯನ್ನು ಈಗಿನ ಎರಡರಷ್ಟು ಕಠಿಣ ಮಾಡಬಾರದೇ? ಅಲ್ಲಿಯವರೆಗೆ ಈ ಮಗನನ್ನು ಏನು ಮಾಡಲಿ?
(ಹೆಸರು ಬೇಡವೆಂದಿರುವ ಓದುಗರು)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಗಾಬರಿ ಅರ್ಥವಾಗುತ್ತದೆ, ಸಲಹೆಯನ್ನು ಮಾತ್ರ ಒಪ್ಪಲಾರೆ. ಪರೀಕ್ಷೆಯನ್ನು ಎರಡರಷ್ಟು ಕಠಿಣ ಮಾಡಿದರೆ ಕಂಬಗಳ ನಡುವಿನ ಜಾಗ ಇನ್ನಷ್ಟು ಕಿರಿದಾದೀತು, ಅಷ್ಟೆ. ನಿಮ್ಮ ಮಗ ಇನ್ನೆರಡು ವಾರ ಅಭ್ಯಾಸ ಮಾಡಿ ಅದನ್ನೂ ಗೆದ್ದು ಬರುತ್ತಾನೆ. ನಿಂತ ಬಸ್ಸನ್ನು ಮೊದಲಿನಂತೆಯೇ ದಾಟುತ್ತಾನೆ. ಅವನ ಕೈಕಾಲುಗಳಲ್ಲಿ ದೋಷವಿಲ್ಲ. ಬಸ್ಸು ನಿಂತಿದೆಯೆಂದರೆ ಯಾರೋ ಇಳಿದಿರಬೇಕು, ಇಳಿದವರು ಅದರ ಮುಂದಿನಿಂದ ದಾಟಬಹುದು ಎಂಬ ಲೆಕ್ಕ ಅವನಿಗೆ ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಕೇಳದೆ ಇದ್ದದ್ದನ್ನು ಯಾರೂ ಕಲಿಸುವುದೂ ಇಲ್ಲ. ‘ಇಲ್ಲಿ ಕನ್ನಡಿ ನೋಡುವಾಗ ತಲೆಯನ್ನು ಚೆನ್ನಾಗಿ ತಿರುಗಿಸು, ಪರೀಕ್ಷಕರಿಗೆ ಕಾಣಬೇಕು’ ಎಂದು ಹೇಳಿಕೊಡುವ ತರಬೇತುದಾರರಿದ್ದಾರೆ. ಕನ್ನಡಿಯಲ್ಲಿ ಏನು ಕಂಡಿತು ಎಂದು ಅವರೂ ವಿಚಾರಿಸುವುದಿಲ್ಲ, ಪರೀಕ್ಷಕರೂ ವಿಚಾರಿಸುವುದಿಲ್ಲ. ಪರೀಕ್ಷೆಯ ದಾರಿ ಪ್ರತಿ ಸಲ ಒಂದೇ ಆಗಿದ್ದರಂತೂ ಕಲಿಯುವವರು ಆ ದಾರಿಯ ಪ್ರತಿ ತಿರುವನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕ್ಯಾಮೆರಾ, ಸೆನ್ಸರ್ ಅಳವಡಿಸಿದರೆ ಪಕ್ಷಪಾತ ತಗ್ಗೀತು. ಅದು ಒಳ್ಳೆಯದೇ. ಆದರೆ ಚಕ್ರ ಗೆರೆ ದಾಟಿತೇ ಎಂದು ಹೇಳುವ ಸೆನ್ಸರಿಗೆ ಚಾಲಕನ ಮನಸ್ಸು ಎಲ್ಲಿತ್ತೆಂದು ಹೇಳಲು ಬಾರದು.

ಈ ಕೊರತೆಗೆ ಬ್ರಿಟನ್ 2002ರಲ್ಲಿ ಒಂದು ಉಪಾಯ ಹುಡುಕಿತು. ಲಿಖಿತ ಭಾಗದ ಜೊತೆಗೇ ಅಭ್ಯರ್ಥಿಗೆ ಚಾಲಕನ ಕಣ್ಣಿಗೆ ಕಾಣುವಂಥ ರಸ್ತೆಯ 14 ವಿಡಿಯೊ ತುಣುಕುಗಳನ್ನು ತೋರಿಸುತ್ತಾರೆ. ಅಪಾಯ ರೂಪುಗೊಳ್ಳುತ್ತಿದೆ ಎನಿಸಿದ ಕ್ಷಣ ಅವನು ಗುಂಡಿ ಒತ್ತಬೇಕು. ಬೇಗ ಗುರುತಿಸಿದರೆ 5 ಅಂಕ, ತಡವಾದಂತೆ 4, 3, 2 ಎಂದು ಇಳಿಯುತ್ತದೆ. ಜಾಣತನ ತೋರಲು ಒಂದೇ ಸಮನೆ ಒತ್ತುತ್ತಾ ಹೋದರೆ ಆ ತುಣುಕಿಗೆ ಸೊನ್ನೆ. ರಸ್ತೆ ಬದಿಯಲ್ಲಿ ನಿಂತ ಕಾರಿನ ಮುಂದಿನ ಚಕ್ರ ಹೊರಕ್ಕೆ ತಿರುಗುವುದು, ಹಿಂಬದಿ ದೀಪ ಹೊತ್ತಿಕೊಳ್ಳುವುದು: ಇಂಥ ಸಣ್ಣ ಸುಳಿವುಗಳಿಗೆ ಬೆಲೆ ಬರುವುದು ಇಲ್ಲಿ. ಇದಕ್ಕೆ ಹೆಚ್ಚುವರಿ ಮೈದಾನ ಬೇಡ, ಹೆಚ್ಚು ಪರೀಕ್ಷಕರೂ ಬೇಡ, ಕಂಪ್ಯೂಟರ್ ಇದ್ದರಾಯಿತು. ಒಂದೇ ಒಂದು ಸುಧಾರಣೆಗೆ ಅವಕಾಶವಿದೆ ಎಂದರೆ ನಾನು ಕೇಳುವುದು ಇದನ್ನೇ.

ಅದೇ ದೇಶ 2017ರಲ್ಲಿ ರಸ್ತೆ ಪರೀಕ್ಷೆಯನ್ನೂ ಬದಲಿಸಿತು. ಮೂಲೆ ಸುತ್ತಿ ರಿವರ್ಸ್ ಹೋಗುವ ಕಸರತ್ತನ್ನು ಕೈಬಿಟ್ಟಿತು. ಪರೀಕ್ಷಕರು ಹೆಜ್ಜೆಹೆಜ್ಜೆಗೂ ಸೂಚನೆ ಕೊಡದೆ, ಅಭ್ಯರ್ಥಿ ತಾನಾಗಿ ದಾರಿ ನೋಡಿಕೊಂಡು ಓಡಿಸುವ ಅವಧಿಯನ್ನು 10 ನಿಮಿಷದಿಂದ 20ಕ್ಕೆ ಏರಿಸಿತು. ‘ಎಡಕ್ಕೆ ತಿರುಗಿ’ ಎನ್ನುವ ದನಿ ನಿಂತ ಮೇಲೆಯೇ ಚಾಲಕನ ನಿಜವಾದ ತಲೆನೋವು ಶುರುವಾಗುವುದು.

ಇನ್ನೊಂದು ಸಂಗತಿ ತುಸು ವಿಚಿತ್ರ. ನಾರ್ವೆಯಲ್ಲಿ ಜಾರುವ ರಸ್ತೆಯಲ್ಲಿ ಕಾರು ಹತೋಟಿಗೆ ತರುವ ತರಬೇತಿಯನ್ನು ಕಡ್ಡಾಯ ಮಾಡಿದಾಗ, ಯುವಕರ ಅಪಘಾತಗಳು ತಗ್ಗುವ ಬದಲು ಹೆಚ್ಚಿದವು. ಜಾರಿದರೂ ಸಂಭಾಳಿಸಬಲ್ಲೆ ಎಂಬ ಭರವಸೆ ಬಂದವನು ವೇಗ ತಗ್ಗಿಸುವುದಿಲ್ಲ. ಕಸರತ್ತನ್ನು ಹೆಚ್ಚಿಸಿ ಎನ್ನುವವರ ಮುಂದೆ ನಾನು ಇದನ್ನೇ ಇಡುತ್ತೇನೆ. ಸ್ವೀಡನ್ ಬೇರೆ ದಾರಿ ಹಿಡಿಯಿತು: 1993ರಲ್ಲಿ ದೊಡ್ಡವರ ಜೊತೆ ಅಭ್ಯಾಸ ಮಾಡಬಹುದಾದ ವಯಸ್ಸನ್ನು 16ಕ್ಕೆ ಇಳಿಸಿ, ಪರವಾನಗಿಯ ವಯಸ್ಸನ್ನು 18ರಲ್ಲೇ ಉಳಿಸಿತು. ಈ ಎರಡು ವರ್ಷಗಳನ್ನು ಬಳಸಿಕೊಂಡವರಲ್ಲಿ ಮುಂದೆ ಅಪಘಾತ ಕಡಿಮೆಯಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಲಿಯುವ ಯುವಜನರು 120 ಗಂಟೆಗಳ ಚಾಲನೆಯನ್ನು ದಾಖಲಿಸಬೇಕು. ಅದರಲ್ಲಿ 20 ಗಂಟೆ ರಾತ್ರಿಯದು. ಇಷ್ಟು ಗಂಟೆ ಹೊಂದಿಸುವುದು ಸ್ವಂತ ಕಾರಿಲ್ಲದವರಿಗೆ ಭಾರ, ಸುಳ್ಳು ಲೆಕ್ಕ ಬರೆಯುವವರೂ ಇರುತ್ತಾರೆ. ಆದರೂ ಕತ್ತಲನ್ನೇ ಕಾಣದವನಿಗೆ ರಾತ್ರಿ ಓಡಿಸುವ ಪರವಾನಗಿ ಕೊಡುವುದಕ್ಕಿಂತ ಇದು ಮೇಲು.

ಪಾಸಾದ ಮೊದಲ ತಿಂಗಳುಗಳೇ ಹೊಸ ಚಾಲಕನಿಗೆ ಅತ್ಯಂತ ಅಪಾಯದ ಕಾಲ. ಆದ್ದರಿಂದ ಪರವಾನಗಿಯನ್ನು ಒಂದೇ ಸಲ ಪೂರ್ತಿ ಕೈಗಿಡಬೇಕಾಗಿಲ್ಲ. ನ್ಯೂಜಿಲೆಂಡಿನಲ್ಲಿ 1987ರಿಂದ ಹಂತಹಂತದ ಪರವಾನಗಿ ಜಾರಿಯಲ್ಲಿದೆ. ನಡುವಿನ ಹಂತದವರು ಅನುಭವಿ ಚಾಲಕರಿಲ್ಲದೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತೆಯೂ ಇಲ್ಲ. ಯುವಕರು ಗೊಣಗುತ್ತಾರೆ. ಗೊಣಗಲಿ.

ಇನ್ನು ನಿಮ್ಮ ಮಗನ ವಿಷಯ. ಕೀಲಿಕೈ ಕಿತ್ತಿಟ್ಟುಕೊಳ್ಳಬೇಡಿ. ಸಂಜೆ ಮಬ್ಬಿನಲ್ಲಿ, ಮಳೆಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ಪಕ್ಕ ಕುಳಿತು ಕರೆದುಕೊಂಡು ಹೋಗಿ. ಓಡಿಸುತ್ತಲೇ ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಲು ತಿಳಿಸಿ: ‘ಮುಂದೆ ಸೈಕಲ್ ಇದೆ, ಅದರ ಮುಂದೆ ಗುಂಡಿ, ಸೈಕಲ್ ಬಲಕ್ಕೆ ಬರಬಹುದು, ವೇಗ ತಗ್ಗಿಸುತ್ತಿದ್ದೇನೆ.’ ಪೊಲೀಸ್ ಚಾಲಕರ ತರಬೇತಿಯಲ್ಲೂ ಬಳಸುವ ಕ್ರಮ ಇದು. ಅವನು ಎಲ್ಲಿ ಮೌನವಾಗುತ್ತಾನೋ ಅಲ್ಲಿ ಏನನ್ನು ಕಾಣುತ್ತಿಲ್ಲವೆಂದು ನಿಮಗೆ ತಿಳಿಯುತ್ತದೆ. ಕೂಗಬೇಡಿ, ಕಾರು ನಿಲ್ಲಿಸಿದ ಮೇಲೆ ಕೇಳಿ.

ಸಂಪಾದಕ